ಗಡಿಯಾರದಂಗಡಿಯ ಹೆಂಡತಿ

ಮಂಗಳವಾರ, ಅಂಗಡಿ ತೆರೆಯುವ ಮುನ್ನ

ಹೆಸರು ಬರೆಯದ ಲೇಖಕರಿಗೆ ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿ ಕ್ಷೇಮವಾಗಿ ತಲುಪಿದೆ. ನಾವೂ ಕ್ಷೇಮ. ಹಸ್ತಪ್ರತಿ ಇಂಗ್ಲಿಷಿನಲ್ಲಿದ್ದು ಕನ್ನಡದಲ್ಲಿ ಉತ್ತರ ಬಂತಲ್ಲ ಎಂದು ಬೇಸರ ಬೇಡ. ಓದುವುದು ಇಂಗ್ಲಿಷಿನಲ್ಲಾದರೂ ನಾನು ಜಗಳವಾಡುವುದು ಕನ್ನಡದಲ್ಲೇ. ನಿಮಗೆ ಕನ್ನಡ ಬರುತ್ತದೋ ಇಲ್ಲವೋ ಎಂಬ ಅನುಮಾನ ನನಗೆ ಯಾಕೋ ಬರಲಿಲ್ಲ.

ಮೊದಲು ನಮ್ಮ ನಿಯಮಗಳನ್ನು ಹೇಳಿಬಿಡುತ್ತೇನೆ. ನಮ್ಮದು ಪುಟ್ಟ ಪುಸ್ತಕದಂಗಡಿ. ಅದರ ಹಿಂದಿನ ಕೋಣೆಯಲ್ಲಿ ಅದಕ್ಕಿಂತ ಪುಟ್ಟ ಪ್ರಕಾಶನ. ಈ ಊರಿನಲ್ಲಿದ್ದುಕೊಂಡು ಇಂಗ್ಲಿಷಿನಲ್ಲಿ ಬರೆಯುವವರ ಪುಸ್ತಕಗಳನ್ನು ಅಚ್ಚು ಹಾಕಿಸುತ್ತೇವೆ. ದೊಡ್ಡ ಪ್ರಕಾಶಕರಿಗೆ ನಮ್ಮೂರು ನಕಾಶೆಯ ಮೇಲೆ ನೊಣ ಕೂತೆದ್ದ ಗುರುತು. ಹಾಗಾಗಿ ಇಲ್ಲಿನ ಮೇಷ್ಟ್ರು, ಬಸ್ ಕಂಡಕ್ಟರು, ಹಲ್ಲಿನ ಡಾಕ್ಟರು ಬರೆದದ್ದಕ್ಕೆಲ್ಲ ನಾವೇ ಗತಿ. ಲೇಖಕರ ಹೆಸರು ಪ್ರತ್ಯೇಕ ಲಕೋಟೆಯಲ್ಲಿರಬೇಕು. ಪುಸ್ತಕ ಬೇಕೋ ಬೇಡವೋ ಎಂದು ತೀರ್ಮಾನವಾಗುವವರೆಗೆ ಅದನ್ನು ಒಡೆಯುವಂತಿಲ್ಲ. ಈ ನಿಯಮ ಮಾಡಿದವರು ನನ್ನ ಗಂಡ. ಷಡ್ಡಕನ ಭಾವಮೈದುನ ಬರೆದದ್ದನ್ನೆಲ್ಲ ಅಚ್ಚು ಹಾಕಿಸಬೇಕಾಗುತ್ತದೆ ಎಂಬ ಭಯಕ್ಕೆ. ಅವರೀಗ ಎರಡು ವರ್ಷದಿಂದ ಬೇರೆ ಊರಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದಾರಂತೆ. ಅಂಗಡಿ, ಪ್ರಕಾಶನ, ಅತ್ತೆ ಮೂರೂ ನನ್ನ ಪಾಲಿಗೆ ಉಳಿದಿವೆ. ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲು ಬಿಲ್ಲು ಬರೆಯುವ, ಧೂಳು ಹೊಡೆಯುವ ಕೆಲಸವಿತ್ತು. ಈಗ ನಿಘಂಟು ಪಕ್ಕದಲ್ಲಿಟ್ಟುಕೊಂಡು ಎಲ್ಲ ಹಸ್ತಪ್ರತಿಗಳನ್ನೂ ನಾನೇ ಓದುತ್ತೇನೆ. ನಿಧಾನ, ಆದರೆ ಯಾರ ವಾಕ್ಯವನ್ನೂ ಹಾರಿಸುವುದಿಲ್ಲ.

ಹಾಗಾಗಿ ನೀವು ಯಾರೆಂದು ನನಗೆ ಗೊತ್ತಿಲ್ಲ. ನಿಯಮದ ಪ್ರಕಾರ ಗೊತ್ತಿರಲೂಬಾರದು. ಗೊತ್ತಿಲ್ಲದವರಿಗೆ ಬರೆಯುವ ಹಾಗೇ ಬರೆಯುತ್ತೇನೆ. ನಡುವೆ ಎಲ್ಲಾದರೂ ಕಾಲು ಜಾರಿದರೆ ನೆಲದ ತಪ್ಪು.

ನಿಮ್ಮ ಕಥೆ ನನಗೆ ಅರ್ಥವಾದದ್ದು ಹೀಗೆ. ಒಬ್ಬ ಗಡಿಯಾರ ರಿಪೇರಿಯವನು. ಇಕ್ಕಟ್ಟಾದ ಅಂಗಡಿ, ಗೋಡೆ ತುಂಬ ಕನ್ನಡಿ. ಕಾಲ ಎಂದರೇನು ಎಂಬುದರ ಬಗ್ಗೆ ಅವನಿಗೆ ಆಳವಾದ ಯೋಚನೆಗಳಿವೆ, ಹೆಂಡತಿಗೆ ಇಲ್ಲ. ಗಿರಾಕಿಯೊಬ್ಬಳ ಹಳೆಯ ಗಡಿಯಾರವನ್ನು ಅವನು ಒಳಗಿನದೆಲ್ಲ ಬದಲಿಸಿ ಹೊಚ್ಚ ಹೊಸದು ಮಾಡಿಕೊಡುತ್ತಾನೆ. ಆಕೆ ಸಂತೋಷಪಡುವ ಬದಲು ನಾಲ್ಕು ಜನರ ಮುಂದೆ ಅವನಿಗೆ ಅವಮಾನ ಮಾಡುತ್ತಾಳೆ. ಹೆಂಡತಿ ತುಂಬಿದ ಕಣ್ಣಿನಿಂದ ನೋಡುತ್ತ ನಿಲ್ಲುತ್ತಾಳೆ. ಅವನು ಊರು ಬಿಡುತ್ತಾನೆ. ಆಮೇಲೆ ಬಹಳಷ್ಟು ಪುಟ ಕಿಟಕಿಯ ಬಳಿ ನಿಲ್ಲುತ್ತಾನೆ.

ಗಡಿಯಾರದಂಗಡಿಯಲ್ಲಿ ಗೋಡೆ ತುಂಬ ಕನ್ನಡಿ ಯಾಕೆ, ಸ್ವಾಮಿ? ನಮ್ಮ ಅಂಗಡಿಯಲ್ಲಿ ಇವೆ, ಯಾಕೆಂದರೆ ಅದು ಮೊದಲು ಕನ್ನಡಕದ ಅಂಗಡಿಯಾಗಿತ್ತು. ಕಣ್ಣು ಪರೀಕ್ಷೆಯ ಅಕ್ಷರಪಟ ಇನ್ನೂ ಗೋಡೆಯ ಮೇಲಿದೆ. ಪುಸ್ತಕ ಕೊಳ್ಳದವರು ಅದನ್ನಾದರೂ ಓದಿ ಹೋಗುತ್ತಾರೆ. ಮೂರನೇ ಪುಟದಲ್ಲಿ, ಮೊಣಕಾಲಿನಿಂದ ಗುದ್ದಿದರೆ ಮಾತ್ರ ತೆರೆದುಕೊಳ್ಳುವ ಡ್ರಾಯರ್ ಬಂತು. ನಮ್ಮ ಅಂಗಡಿಯ ಆ ಡ್ರಾಯರಿನ ಗಾಯದ ಗುರುತು ನನ್ನ ಬಲ ಮೊಣಕಾಲಿನ ಮೇಲೆ ಇವತ್ತಿಗೂ ಇದೆ. ಹಾಳೆಗಳನ್ನು ಮಡಚಿಟ್ಟು ಎದ್ದುಹೋಗಿ ಚಹಾ ಮಾಡಿಕೊಂಡು ಕುಡಿದೆ. ಲಕೋಟೆ ಒಡೆಯಲಿಲ್ಲ.

ಒಳ್ಳೆಯದನ್ನು ಮೊದಲು ಹೇಳಬೇಕು. ಬಾಡಿಗೆ ಕೋಣೆಯಲ್ಲಿ ಅವನು ಒಂದು ತಟ್ಟೆ ತೊಳೆದು, ಒರೆಸಿ, ಅದರ ಮೇಲೆ ಜೋಡಿಸಲು ಇನ್ನೊಂದು ತಟ್ಟೆಯಿಲ್ಲದ್ದರಿಂದ ಹಾಗೇ ಕೈಯಲ್ಲಿ ಹಿಡಿದು ನಿಲ್ಲುವ ಪುಟವಿದೆಯಲ್ಲ, ಅದನ್ನು ಎರಡು ಸಲ ಓದಿದೆ. ಅಲ್ಲಿ ಒಂದು ಉಪಮೆಯೂ ಇಲ್ಲ. ನಿಘಂಟು ತೆರೆಯುವ ಕೆಲಸವೂ ಬೀಳಲಿಲ್ಲ. ಇಡೀ ಪುಸ್ತಕ ಆ ಪುಟದ ಹಾಗಿದ್ದಿದ್ದರೆ ಈ ಪತ್ರ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು.

ಕಷ್ಟ ಇರುವುದು ಹೆಂಡತಿಯ ವಿಷಯದಲ್ಲಿ. ಬೆಳಗಿಂದ ಸಂಜೆಯವರೆಗೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಹೆಣಗುವ ಹೆಂಗಸು ಇಡೀ ಕಾದಂಬರಿಯಲ್ಲಿ ಬಾಯಿಯನ್ನೇ ಬಿಡುವುದಿಲ್ಲ. ಬರೀ ನೋಡುತ್ತಾಳೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ: "ವರ್ಣನೆ ಹೆಚ್ಚು, ಹೆಂಡತಿ ಪೆಚ್ಚು." ಕ್ಷಮೆ ಕೇಳುವುದಿಲ್ಲ, ಪ್ರಾಸ ನನ್ನ ಹುಟ್ಟುಗುಣ. ನಮ್ಮ ಕಪಾಟುಗಳ ಮೇಲೂ ಇಂಥ ಚೀಟಿಗಳಿವೆ: "ತೆರೆದು ನೋಡಿ, ಓದಿ ನೋಡಿ, ಬೇಡವೆಂದರೆ ಬಿಟ್ಟುಬಿಡಿ; ಪುಟದ ಕಿವಿಯ ಹಿಂಡಬೇಡಿ, ಅದರ ಪಾಡಿಗದನು ಬಿಡಿ." ನಿಮ್ಮ ಗಡಿಯಾರದಂಗಡಿಯಲ್ಲಿ ಒಂದು ಚೀಟಿಯೂ ಇಲ್ಲದ್ದು ಕಂಡು ಸ್ವಲ್ಪ ಆಶ್ಚರ್ಯವಾಯಿತು. ಮೊಣಕಾಲು ನೆನಪಿದ್ದವರಿಗೆ ಪ್ರಾಸ ಮರೆಯುತ್ತದೆಯೇ?

ನನ್ನ ಅತ್ತೆಗೆ ಇಂಗ್ಲಿಷ್ ಬಾರದು. ಆದರೂ ಪ್ರತಿ ಹಸ್ತಪ್ರತಿಯ ಕಥೆಯನ್ನೂ ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಹೇಳಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ, ಕಥೆಯ ಕಾಲ. ನಿಮ್ಮದನ್ನೂ ಹೇಳಿದೆ. "ಅಲ್ಲ, ಆ ಗಂಡಸು ಕಿಟಕಿ ಹತ್ರ ಅಷ್ಟು ಹೊತ್ತು ನಿಂತ್ಕೋತಾನಲ್ಲ, ಕಾಲು ನೋಯಲ್ವಾ ಅವನಿಗೆ?" ಅಂದರು. ಆಮೇಲೆ, "ಹೆಂಡ್ತಿಗೇನು ಗಂಟಲು ನೋವಾ?" ಅಂದರು. ಏಳನೇ ಅಧ್ಯಾಯದಲ್ಲಿ ನೀವು ನಾಯಕನ ತಾಯಿಯನ್ನು ಒಂದೇ ಪ್ಯಾರಾದಲ್ಲಿ ಸಾಯಿಸಿಬಿಟ್ಟಿದ್ದೀರಿ. ಅದನ್ನು ಮಾತ್ರ ನಾನು ಹೇಳಲಿಲ್ಲ. ಅವನ ತಾಯಿ ಏನಾದಳು ಎಂದು ಅತ್ತೆ ಕೇಳಿದಾಗ, ತಂಗಿಯ ಮನೆಗೆ ಹೋಗಿದ್ದಾಳೆ ಅಂದೆ. ಮರುದಿನವೂ ಕೇಳಿದರು. ಇನ್ನೂ ಬಂದಿಲ್ಲ ಅಂದೆ. ಆ ಸಾವಿನಿಂದ ಕಥೆಗೆ ಮೂರು ಕಾಸಿನ ಉಪಯೋಗವಿಲ್ಲ. ತಾಯಿಯನ್ನು ಬದುಕಿಸಿ.

ಇನ್ನು ಗಿರಾಕಿಯ ಗಡಿಯಾರದ ವಿಷಯ. ನಮ್ಮಲ್ಲೂ ಇಂಥದೇ ಒಂದು ನಡೆದಿತ್ತು. ಹೋಲಿಸಿ ನೋಡಿ, ನಿಮಗೆ ಉಪಯೋಗಕ್ಕೆ ಬರಬಹುದು.

ನಿವೃತ್ತ ನರ್ಸ್ ಒಬ್ಬರು ಆಸ್ಪತ್ರೆಯ ಕಥೆಗಳನ್ನು ಬರೆದುಕೊಟ್ಟರು. ನನ್ನ ಗಂಡನಿಗೆ ಅವು ಬಹಳ ಹಿಡಿಸಿದವು. ಹಿಡಿಸಿದ್ದೇ ತಪ್ಪಾಯಿತು. ತಿದ್ದಿದರು, ತೀಡಿದರು, ಎಳೆದರು, ಮಡಿಸಿದರು. ಕೊನೆಗೆ ಆಕೆಯ ಒಂದು ವಾಕ್ಯವೂ ಉಳಿಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪುಸ್ತಕ ಬಿಡುಗಡೆಯ ಸಂಜೆ ಪಕ್ಕದ ಅಂಗಡಿಗಳಿಂದ ಕುರ್ಚಿ ತಂದು ಹಾಕಿದ್ದೆವು. ಬಂದವರ ಕೈಯಲ್ಲೆಲ್ಲ ಹೊಸ ಪುಸ್ತಕ. ನರ್ಸಮ್ಮ ಎದ್ದು ನಿಂತು ಓದಲು ಶುರು ಮಾಡಿದರು, ಪುಸ್ತಕದಿಂದಲ್ಲ, ಎಕ್ಸ್‌ರೇ ಹಾಕಿಕೊಡುವ ದೊಡ್ಡ ಕವರಿನಿಂದ ತಮ್ಮ ಸ್ವಂತ ಹಾಳೆಗಳನ್ನು ತೆಗೆದು. ಜನ ಪುಟ ತಿರುವಿದರು, ಹಿಂದೆ ಹೋದರು, ಮುಂದೆ ಹೋದರು. ಮುಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರು ತಡೆಯಲಾರದೆ, "ಯಾವ ಪುಟ ಮೇಡಂ?" ಅಂದರು. "ನಂಗೂ ಗೊತ್ತಿಲ್ಲ ಕಣಪ್ಪಾ, ನಾನೂ ತುಂಬ ಹುಡುಕಿದೆ," ಅಂದರು ನರ್ಸಮ್ಮ. ಸಿಟ್ಟಿನಿಂದಲ್ಲ, ಕಳೆದ ಚಪ್ಪಲಿಯ ಬಗ್ಗೆ ಹೇಳುವ ಹಾಗೆ.

ಆಮೇಲೆ ಓದು ಮುಂದುವರಿಸಿದರು. ಆಪರೇಷನ್ನಿಗೆ ಮಲಗಿದ ಒಬ್ಬ ಹಳೆಯ ಕ್ಯಾಷಿಯರ್. ಅರಿವಳಿಕೆ ಕೊಟ್ಟು, ನಿದ್ದೆ ಬರುವವರೆಗೆ ಅಂಕಿ ಎಣಿಸುತ್ತಿರಿ ಎಂದು ಹೇಳುತ್ತಾರೆ. ಆತ ಎಣಿಸುತ್ತಾನೆ. ನಿದ್ದೆ ಬರುವುದಿಲ್ಲ. ಆಗ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು, ತಾಳೆ ನೋಡಲು ಇನ್ನೊಮ್ಮೆ ಮೊದಲಿಂದ ಎಣಿಸುತ್ತಾನೆ.

ನಾನು ನಕ್ಕೆ. ಜೋರಾಗಿಯೇ ನಕ್ಕೆ. ಮುಂದಿದ್ದ ಕನ್ನಡಿಯಲ್ಲಿ ನನ್ನ ಹಲ್ಲೆಲ್ಲ ಕಾಣುತ್ತಿತ್ತು. ಅದೇ ಕನ್ನಡಿಯಲ್ಲಿ ಬಾಗಿಲ ಬಳಿ ನಿಂತಿದ್ದ ನನ್ನ ಗಂಡನ ಮುಖವೂ ಕಾಣಿಸಿತು. ಅಚ್ಚಾದ ಪುಸ್ತಕದಲ್ಲಿ ಆ ಜಾಗದಲ್ಲಿ ಇದ್ದದ್ದು, 'ಪ್ರಜ್ಞೆಯ ಅಂಚಿನಲ್ಲಿ ಅಂಕಿಗಳು ಹಣ್ಣೆಲೆಗಳಂತೆ ಅರ್ಥವನ್ನು ಕಳಚಿಕೊಂಡವು' ಎಂದು. ಅವರು ಹೊರಗೆ ಹೋದರು. ಆ ವಾರ ಮನೆಯಲ್ಲಿ ಮಾತಿಲ್ಲ. ಹೊರಡುವ ದಿನ ಚೀಲದ ಜಿಪ್ ಎಳೆಯುತ್ತ, "ನಿನಗೆ ನಗು ಬಂತಲ್ಲ," ಎಂದರು. ಅಷ್ಟೇ. ಬಂತು ಎಂದೆ ನಾನು. ನಾನು ಹೇಳಿದ್ದೂ ಅಷ್ಟೇ.

ಯಾವುದಕ್ಕೆ ನಗು ಬಂತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ನಗು ಬಂದದ್ದು ಕ್ಯಾಷಿಯರನ ಎಣಿಕೆಗೆ. ಪೂರ್ತಿ ಕ್ಯಾಷಿಯರನಿಗೇ ಎಂದು ಬರೆದರೆ ಸುಳ್ಳಾಗುತ್ತದೆ. ಮುಕ್ಕಾಲು ಪಾಲು ಕ್ಯಾಷಿಯರನಿಗೆ. ಕಾಲು ಪಾಲು ಹಣ್ಣೆಲೆಗಳಿಗೆ. ಆ ಕಾಲು ಪಾಲನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ, ಉಳಿದದ್ದನ್ನೂ ಸೇರಿಸಿ ನನ್ನ ತಲೆಗೆ ಕಟ್ಟುವುದಕ್ಕೂ ಬಿಡುವುದಿಲ್ಲ.

ಹಾಗಾಗಿ ನಿಮ್ಮ ಹೆಂಡತಿ ಪಾತ್ರದ ಕಣ್ಣು ತುಂಬಿಸಬೇಡಿ. ಅವಳು ನಗಲಿ. ನಕ್ಕದ್ದಕ್ಕೆ ಅವನು ಹೋಗಲಿ. ಆಗ ಓದುವವರಿಗೆ ಅವನ ಮೇಲೂ ಪ್ರೀತಿ ಬರುತ್ತದೆ. ನನಗೆ ಬಂದದ್ದು ಅಲ್ಲೇ.

ತೀರ್ಮಾನ: ಈಗಿರುವ ಹಾಗೆ ಪುಸ್ತಕವನ್ನು ತೆಗೆದುಕೊಳ್ಳುವುದಿಲ್ಲ. ತಿದ್ದಿದರೆ ತೆಗೆದುಕೊಳ್ಳುತ್ತೇವೆ. ಒಂದು ವಾಕ್ಯವನ್ನೂ ನಾನು ಬದಲಿಸಿಲ್ಲ. ನರ್ಸಮ್ಮನ ಸಂಜೆಯ ನಂತರ ನಮ್ಮಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇವೆ, ತಿದ್ದಿ ಬರೆಯುವುದೇನಿದ್ದರೂ ಬರೆದವರೇ. ಹಾಳೆಗಳನ್ನು ಇದರ ಜೊತೆ, ಕಟ್ಟಿನ ಮೇಲೆ ಹೆಸರಿಲ್ಲದೆ ಬರೆದಿದ್ದ ವಿಳಾಸಕ್ಕೆ ಕಳಿಸಿದ್ದೇನೆ. ಆಕೆಯ ಪುಸ್ತಕವನ್ನು ಆಕೆಯ ವಾಕ್ಯಗಳಲ್ಲೇ ಮತ್ತೆ ಅಚ್ಚು ಹಾಕಿಸಿದೆ. ಆಸ್ಪತ್ರೆಯವರು ಸಾಲುಗಟ್ಟಿ ನಿಂತು ಕೊಂಡರು. ಹಳೆಯ ಪ್ರತಿಗಳು ಹಿಂದಿನ ಕೋಣೆಯಲ್ಲಿ ರಟ್ಟಿನ ಡಬ್ಬಗಳಲ್ಲಿವೆ; ಅತ್ತೆ ಅವುಗಳ ಮೇಲೆ ಕಾಲಿಟ್ಟುಕೊಂಡು ಪೇಪರು ನೋಡುತ್ತಾರೆ.

ಇನ್ನೆರಡು ನಿಯಮಗಳು ಬಾಕಿ ಇವೆ. ಒಂದು ಹಳೆಯದು: ಪುಸ್ತಕ ಹೊರಬರುವ ಹೊತ್ತಿಗೆ ಲೇಖಕರು ಈ ಊರಿನಲ್ಲಿ ವಾಸವಿರಬೇಕು. ಪಕ್ಕದೂರು ನಡೆಯುವುದಿಲ್ಲ, ಅಂಚೆಪೆಟ್ಟಿಗೆಯ ವಿಳಾಸವೂ ನಡೆಯುವುದಿಲ್ಲ. ಎಲ್ಲಿ ವಾಸ ಎಂಬುದು ಆಮೇಲಿನ ಮಾತು. ಊರಿನಲ್ಲಿ ಲಾಡ್ಜುಗಳಿವೆ, ಅಂಗಡಿಯ ಮೇಲೆ ಒಂದು ಮನೆಯೂ ಇದೆ, ಅದನ್ನು ಸೇರಬೇಕಾದರೆ ಪುಸ್ತಕ ಸಾಲದು, ಬಾಯಿ ಬಿಟ್ಟು ಮಾತಾಡಬೇಕು.

ಇನ್ನೊಂದು ನಾನು ಮಾಡಿದ್ದು: ತಮ್ಮ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಪ್ರತಿ ಲೇಖಕರೂ ಒಂದು ಶನಿವಾರ ನಮ್ಮ ಕೌಂಟರಿನಲ್ಲಿ ನಿಂತು ಬೇರೆಯವರ ಪುಸ್ತಕ ಮಾರಬೇಕು. ತಮ್ಮದರ ಬಗ್ಗೆ ತುಟಿ ಪಿಟಕ್ ಅನ್ನುವಂತಿಲ್ಲ. ಗಲ್ಲಾದ ಮೇಲೆ ಚೀಟಿಯಿದೆ: "ಬರೆಯೋದು ಸಲೀಸು, ಮಾರೋದು ಕಷ್ಟ, ನಿಂತು ಮಾರಿದರೆ ತಿಳಿವುದು ಸ್ಪಷ್ಟ." ನಿಮಗೆ ನರ್ಸಮ್ಮನ ಪುಸ್ತಕವನ್ನು ಇಟ್ಟಿದ್ದೇನೆ. ಶನಿವಾರ ಆಕೆಯೂ ಬರುತ್ತಾರೆ, ಕುರ್ಚಿ ಹಾಕಿಕೊಂಡು ಸಹಿ ಮಾಡುತ್ತ ಕೂರುತ್ತಾರೆ. ಗಿರಾಕಿಗಳು ಅದರಲ್ಲಿ ಒಳ್ಳೆಯದು ಯಾವುದು ಎಂದು ಕೇಳಿದರೆ ಕ್ಯಾಷಿಯರನ ಪುಟ ತೆರೆದು ತೋರಿಸಿ. ಓದಿ ಹೇಳುವುದಾದರೆ ಇನ್ನೂ ಒಳ್ಳೆಯದು. ಯಾರಾದರೂ ನಕ್ಕರೆ ಹೊರಗೆ ಹೋಗಬೇಡಿ.

ಡ್ರಾಯರ್ ಇನ್ನೂ ರಿಪೇರಿಯಾಗಿಲ್ಲ.

ಇತಿ,
ಪುಸ್ತಕದಂಗಡಿಯ ಒಡತಿ,
ಗಡಿಯಾರದಂಗಡಿಯ ಹೆಂಡತಿ

ಬರೆಯಲು ಬಿಟ್ಟುಹೋದದ್ದು: ಪತ್ರ ಮಡಚುತ್ತಿದ್ದಾಗ ಅತ್ತೆ ಬಂದು ಎದುರು ಕೂತರು. ಆ ಗಡಿಯಾರದವನ ತಾಯಿ ತಂಗಿ ಮನೆಯಿಂದ ವಾಪಸ್ ಬಂದಳಾ ಎಂದು ಮತ್ತೆ ಕೇಳಿದರು. ಇಲ್ಲ, ಇನ್ನೂ ಅಲ್ಲೇ ಇದ್ದಾಳೆ ಅಂದೆ. ಪತ್ರದ ಲಕೋಟೆಯನ್ನು ಎತ್ತಿ ನೋಡಿ, "ನಂಗೆ ತಂಗಿಯೇ ಇಲ್ವಲ್ಲೇ," ಅಂದರು. ಆಮೇಲೆ, ಅಂಟು ಹಚ್ಚೋ ಮೊದಲು ಅದನ್ನೂ ಬರೆದುಬಿಡು ಅಂದರು. ಬರೆದಿದ್ದೇನೆ.