ಹಿಂದಿನ ಕೋಣೆಯ ವಾಲ್ವ್

ಮನೆಯಿಂದ,
ಜನವರಿ ೧೮, ಮಧ್ಯಾಹ್ನ

ಪ್ರೀತಿಯ ನನ್ನವರಿಗೆ,

ಕೆಮ್ಮು ಹೇಗಿದೆ? ಸುಳ್ಳು ಹೇಳಬೇಡಿ, ಮಗಳು ದಿನಾ ಫೋನಿನಲ್ಲಿ ವರದಿ ಒಪ್ಪಿಸುತ್ತಾಳೆ. ಬೆಳಗಿನ ಮಾತ್ರೆ ಮರೆತವರಂತೆ ನಟಿಸುತ್ತೀರಂತೆ, ಆವಿ ತೆಗೆದುಕೊಳ್ಳಲು ಕೂರಿಸಿದರೆ ಟವೆಲಿನೊಳಗೇ ನಿದ್ದೆ ಹೊಡೆಯುತ್ತೀರಂತೆ. ಅಳಿಯಂದಿರ ಸ್ವೆಟರ್ ನಿಮಗೆ ಮಂಡಿಯವರೆಗೆ ಬರುತ್ತದೆ ಎಂದು ಕೇಳಿ ಒಬ್ಬಳೇ ಕುಳಿತು ನಕ್ಕೆ. ತೋಳು ಮಡಚಿಕೊಂಡು ಹಾಕಿಕೊಳ್ಳಿ, ಬಿಚ್ಚಬೇಡಿ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಕೆಲಸವೂ ಬೇಕಾದಷ್ಟಿದೆ.

ನಿಮ್ಮ ಕಾಗದ ಬಂತು. "ಆ ಹಳೇ ಮನೆ ಬಿಸಿ ಆಗೋದಿಲ್ಲ ಕಣೇ, ಬೀಗ ಹಾಕಿ ನೀನೂ ಇಲ್ಲಿಗೇ ಬಂದ್ಬಿಡು" ಎಂದು ಬರೆದಿದ್ದೀರಿ. ಎರಡು ಸಲ ಓದಿ, ಮಡಚಿ, ಸೂಜಿ ಡಬ್ಬಿಯಲ್ಲಿಟ್ಟೆ. ನಾನು ಬರುವುದಿಲ್ಲ. ಮಗಳ ಮನೆಯಲ್ಲಿ ನಿಮ್ಮ ಪುಸ್ತಕದ ಬೈಂಡಿಂಗ್ ಮೇಜಿಗೂ ಜಾಗವಿಲ್ಲ, ನನ್ನ ಮಿಷನ್ನಿಗೂ ಇಲ್ಲ. ಕೆಲಸ ಬಿಟ್ಟು ಸೋಫಾದ ಮೇಲೆ ಕೂತರೆ ನೀವು ಆರು ತಿಂಗಳಿಗೆ ಮುದುಕರಾಗುತ್ತೀರಿ, ನಾನು ಮೂರೇ ತಿಂಗಳಿಗೆ. ಡಾಕ್ಟರು ಮನೆಗೆ ಹೋಗಲೇಬಾರದು ಎಂದಿರಲಿಲ್ಲ. ನೀವು ಕೆಲಸ ಮಾಡುವ ಕೋಣೆ ಇಪ್ಪತ್ತು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಗೋಡೆಯಲ್ಲಿ ತೇವ ಇರಬಾರದು ಎಂದಿದ್ದರು, ಅಷ್ಟೆ. ಅಷ್ಟನ್ನು ಮಾಡಿಯೇ ತೀರುತ್ತೇನೆ ಎಂದು ಅವತ್ತೇ ಟೊಂಕ ಕಟ್ಟಿದೆ.

ಈಗ ಕೋಪ ಮಾಡಿಕೊಳ್ಳಬೇಡಿ. ಹೋಗುವಾಗ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ "ದೊಡ್ಡಪ್ಪನ ಮೈ ಮಾತ್ರ ಮುಟ್ಟಬೇಡ" ಎಂದಿರಲ್ಲ, ಮುಟ್ಟಿದ್ದೇನೆ. ಕೋಣೆಗಳಿಗೆ ಬಿಸಿನೀರು ಹರಿಸಿ ಮನೆ ಕಾಯಿಸುವ ನೆಲಮಾಳಿಗೆಯ ಆ ಬಾಯ್ಲರಿಗೆ ದೊಡ್ಡಪ್ಪ ಎಂದು ಹೆಸರಿಟ್ಟವಳು ಮಗಳು. ಬೆಳಗ್ಗೆ ಏಳುವಾಗ ನರಳಾಟ, ಎದ್ದ ಮೇಲೆ ಗೊಣಗಾಟ, ಪುಸಲಾಯಿಸದೆ ಒಂದು ಕೆಲಸವೂ ಆಗುವುದಿಲ್ಲ. ನಿಮ್ಮನ್ನು ಬಿಟ್ಟರೆ ಯಾರ ಮಾತನ್ನೂ ಅದು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಅದಕ್ಕೇ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವ ಮೆಕ್ಯಾನಿಕ್ ಹೆಂಗಸನ್ನು ಕರೆಸಿದೆ.

ಬಂದವಳೇ ಬಿಸಿ ಮಾಡುವ ದೊಡ್ಡ ಮಿಷನ್ ಮಾರುತ್ತಾಳೆ ಎಂದುಕೊಂಡಿದ್ದೆ. ಅವಳು ಮೊದಲು ಕೇಳಿದ್ದು ಮೇಣದಬತ್ತಿ. ಹೊತ್ತಿಸಿಕೊಂಡು ಒಂದೊಂದೇ ಕಿಟಕಿಯ ಬಳಿ ಹಿಡಿದಳು. ಎಲ್ಲಿ ಹಿಡಿದರೂ ಜ್ವಾಲೆ ಒಳಕ್ಕೆ ಬಾಗುತ್ತಿತ್ತು. ಮನೆಯಲ್ಲಿ ತೂತು ಬಿಟ್ಟುಕೊಂಡು ಎಷ್ಟು ದೊಡ್ಡ ಮಿಷನ್ ತಂದರೂ ಬೀದಿಯನ್ನೇ ಬಿಸಿ ಮಾಡಿದಂತೆ ಎಂದಳು. ಸರಿ, ತೂತು ಮುಚ್ಚುವುದು ನನಗೆ ಹೊಸದೇ? ಕಿಟಕಿಯ ಸಂದುಗಳಿಗೆ ದಪ್ಪ ಉಣ್ಣೆಪಟ್ಟಿ ಕತ್ತರಿಸಿ ಬಡಿದೆ, ಪರದೆಗಳಿಗೆಲ್ಲ ಒಳಪದರ ಹೊಲಿದೆ. ಚಾವಣಿಯ ಮೇಲೆ ಹತ್ತಿಯಂಥ ಹಾಸು ಹಾಸಲು ಅವಳ ಜೊತೆ ನಾನೂ ಏಣಿ ಹತ್ತಿದೆ. ಮಗಳಿಗೆ ಏಣಿಯ ವಿಷಯ ಹೇಳಬೇಡಿ.

ಆಮೇಲೆ ನಿಮ್ಮ ಹಿಂದಿನ ಕೋಣೆಗೆ ಬಂದಳು. ಗೋಡೆಯ ಕಪ್ಪು ಬೂಷ್ಟನ್ನು ಉಗುರಿನಿಂದ ಕೆರೆದು ನೋಡಿದಳು. ನೀರು ನೆಲದಿಂದಲೂ ಬಂದಿಲ್ಲ, ಚಾವಣಿಯಿಂದಲೂ ಇಲ್ಲ, ಗೋಂದು ಕಾಯಿಸುವ ಪಾತ್ರೆಯ ಆವಿ ತಣ್ಣಗಿನ ಗೋಡೆಗೆ ಕೂತು ಕೂತು ಹೀಗಾಗಿದೆ ಎಂದಳು. ಬಾಯ್ಲರಿನ ಬಿಸಿನೀರು ಹರಿಯುವ ರೇಡಿಯೇಟರ್ ಇದ್ದೂ ಗೋಡೆ ಯಾಕೆ ಇಷ್ಟು ತಣ್ಣಗಿದೆ ಎಂದು ಬಗ್ಗಿ, ಅದಕ್ಕೆ ನೀರು ಬಿಡುವ ವಾಲ್ವ್ ತಿರುಗಿಸಿದಳು. ಅಲುಗಲಿಲ್ಲ. ಮುಚ್ಚಿದಲ್ಲೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. "ಅಮ್ಮಾ, ಇದನ್ನ ಎಷ್ಟೋ ವರ್ಷದಿಂದ ಯಾರೂ ತೆರೆದೇ ಇಲ್ಲ" ಎಂದಳು.

ನಾನು ನಂಬಲಿಲ್ಲ. ಮರುದಿನ ಬಾಯ್ಲರ್ ತೊಳೆಯಲು ಕೆಳಗಿಳಿದೆವು. ಮೂರು ಬಕೆಟ್ ಕರಿನೀರು ಬಂತು, ಮಸಿಯಂತೆ. ಬಾಯ್ಲರಿನ ಪಕ್ಕದ ಬೀರುವಿನ ಬಾಗಿಲ ಒಳಬದಿ ಒರೆಸುವಾಗ ಕೈಗೆ ಒಂದು ರಟ್ಟು ಸಿಕ್ಕಿತು. ನಾಲ್ಕೂ ಅಂಚಿಗೆ ನೀಲಿ ಬಟ್ಟೆ, ಮೂಲೆಗಳು ಅಷ್ಟು ಅಚ್ಚುಕಟ್ಟಾಗಿ ಮಡಚಿವೆ. ಯಾರ ಕೈಕೆಲಸ ಎಂದು ಕೇಳಬೇಕೇ? ನಿಮ್ಮದೇ ಅಕ್ಷರ. ಹೊಲಿಗೆ ಕೋಣೆ ಪೂರ್ತಿ, ಮಲಗುವ ಕೋಣೆ ಅರ್ಧ, ಅಡುಗೆಮನೆ ಅರ್ಧ, ಹಿಂದಿನ ಕೋಣೆ ಬಂದ್. ಕೆಳಗೆ ತಾರೀಖು, ಇಪ್ಪತ್ತೆರಡು ವರ್ಷದ ಹಿಂದಿನದು. ಈ ಬಾಯ್ಲರಿಗೆ ಇಡೀ ಮನೆ ಕಾಯಿಸುವ ಶಕ್ತಿ ಮೊದಲಿನಿಂದಲೂ ಇರಲಿಲ್ಲ, ಯಾರೋ ತಿಳಿದವರು ಒಂದು ಕೋಣೆಯ ಬಿಸಿಯನ್ನು ಕಿತ್ತು ಇನ್ನೊಂದಕ್ಕೆ ಕೊಟ್ಟಿದ್ದಾರೆ ಎಂದು ಮೆಕ್ಯಾನಿಕ್ ವಿವರಿಸಿದಳು.

ಆ ವರ್ಷ ನನಗೆ ಚೆನ್ನಾಗಿ ನೆನಪಿದೆ. ಚಳಿಗೆ ಬೆರಳು ಮರಗಟ್ಟಿ, ಸೂಜಿ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಮಿಷನ್ ಮಾರಿಬಿಡುತ್ತೇನೆ ಎಂದು ಅತ್ತಿದ್ದೆ. ಒಂದು ವಾರದೊಳಗೆ ಮನೆಯ ಮುಂದಿನ ನನ್ನ ಕೋಣೆ ಬೆಚ್ಚಗಾಯಿತು. ದೊಡ್ಡಪ್ಪನಿಗೆ ಕೊನೆಗೂ ಬುದ್ಧಿ ಬಂತು ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ನಿಮ್ಮ ಕೋಣೆ ಯಾಕೆ ಹೀಗೆ ಕೊರೆಯುತ್ತದೆ ಎಂದು ಕೇಳಿದರೆ ನೀವು ತಲೆ ಎತ್ತದೆ "ಬಿಸಿ ಆದ್ರೆ ಗೋಂದು ಬೇಗ ಒಣಗಿಬಿಡತ್ತೆ ಕಣೇ, ನಂಗೇನೂ ಚಳಿ ಆಗಲ್ಲ" ಎನ್ನುತ್ತಿದ್ದಿರಿ. ಬಂದವರ ಮುಂದೆ ನಮ್ಮವರದು ಎಮ್ಮೆ ಚರ್ಮ ಎಂದು ನಾನು ತಮಾಷೆ ಮಾಡುತ್ತಿದ್ದೆ, ನೀವೂ ನಗುತ್ತಿದ್ದಿರಿ. ಆ ರಟ್ಟು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಪಾಪ, ಆ ಹೆಂಗಸು ಒಂದು ಲೋಟ ನೀರು ತಂದುಕೊಟ್ಟು ಪೈಪು ತೊಳೆಯಲು ಹೋದಳು. ಅತ್ತು ಮುಗಿದ ಮೇಲೆ ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನಲ್ಲೇ ಉಳಿದ ಕೆಲಸವೆಲ್ಲ ಮುಗಿಯಿತು.

ದೊಡ್ಡಪ್ಪನನ್ನು ಹೊರಹಾಕಿಲ್ಲ. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಇಷ್ಟೇ ಅವನ ಪಾಲಿಗೆ. ಹೊಟ್ಟೆ ಸ್ವಚ್ಛವಾದ ಮೇಲೆ ನರಳುವುದನ್ನೂ ಬಿಟ್ಟಿದ್ದಾನೆ. ನಮ್ಮಿಬ್ಬರ ಕೆಲಸದ ಕೋಣೆಗಳಿಗೆ ಗೋಡೆಯ ಮೇಲೆ ಒಂದೊಂದು ಹೊಸ ಮಿಷನ್ ಬಂದಿದೆ, ಚಳಿಗಾಲದಲ್ಲಿ ಬಿಸಿಗಾಳಿ, ಬೇಸಿಗೆಯಲ್ಲಿ ತಂಪು. ಹಳೆಯ ವೈರು ತಾಳುವುದಿಲ್ಲ ಎಂದು ಅದನ್ನೂ ಬದಲಾಯಿಸಿದೆವು. ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ತೊಳೆಯುವುದನ್ನು ಕಲಿತಿದ್ದೇನೆ. ಆ ತುಕ್ಕು ವಾಲ್ವನ್ನು ಮಾತ್ರ ಎಸೆಯಲು ಬಿಡಲಿಲ್ಲ. ಕತ್ತರಿಸುವಾಗ ಬಟ್ಟೆ ಜಾರದಂತೆ ಭಾರಕ್ಕೆ ಇಟ್ಟುಕೊಂಡಿದ್ದೇನೆ. ನಾಲ್ಕು ದಿನದಿಂದ ಬೆಳಗ್ಗೆ ಎದ್ದ ಕೂಡಲೇ ಹಿಂದಿನ ಕೋಣೆಯ ಥರ್ಮಾಮೀಟರ್ ನೋಡುತ್ತಿದ್ದೇನೆ: ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೊಂದು, ಇಪ್ಪತ್ತೊಂದು. ಗೋಡೆ ಒಣಗಿದೆ. ಡಾಕ್ಟರಿಗೆ ಎಲ್ಲ ತಿಳಿಸಿದೆ, ಭಾನುವಾರ ಹೊರಡಬಹುದು ಎಂದರು.

ಮಗಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ನಿಮಗೆ ಆಶೀರ್ವಾದ ಮಾಡುವಷ್ಟು ದೊಡ್ಡವಳಲ್ಲ, ಬೈಯುವ ಹಕ್ಕು ಮಾತ್ರ ಇದೆ, ಅದನ್ನು ಎದುರಿಗೇ ಉಪಯೋಗಿಸುತ್ತೇನೆ.

ಇಂತು ನಿಮ್ಮ
ಮುಂದಿನ ಕೋಣೆಯವಳು

ಮರೆತಿದ್ದೆ: ನಿನ್ನೆ ನಿಮ್ಮ ಡಬ್ಬಿಯ ಗೋಂದು ಕಲಸಿ, ಒಂದು ರಟ್ಟಿಗೆ ಸವರಿ, ಬೆಚ್ಚಗಿನ ಹಿಂದಿನ ಕೋಣೆಯಲ್ಲಿಟ್ಟು ನಿಮ್ಮ ಕುರ್ಚಿಯಲ್ಲೇ ಹೊಲಿಯುತ್ತ ಕಾದೆ. ಒಂದು ಅಂಗಿಗೆ ಕಾಲರ್ ಕೂರಿಸಿ, ಐದು ಗುಂಡಿ ಹಚ್ಚಿ ಮುಗಿಸಿದರೂ ಗೋಂದು ಹಸಿಯಾಗಿಯೇ ಇತ್ತು. ಇಪ್ಪತ್ತೆರಡು ವರ್ಷದ ಸುಳ್ಳು ಸಿಕ್ಕಿಬಿದ್ದಿದೆ. ಭಾನುವಾರ ಬಂದು, ಆ ಕೋಣೆಯಲ್ಲೇ ಕುಳಿತು, ನನಗೆ ಉತ್ತರ ಹೇಳಿ.