ಗೋಡೆಯ ಮೇಲಿನ ಬೇಸಿಗೆ ತಾಲೀಮು

ಅಣ್ಣಾ,

ಗಂಜಿ ಮುಚ್ಚಿಟ್ಟಿದ್ದೇನೆ. ನಳ್ಳಿಯಲ್ಲಿ ನೀರು ಬಂದಾಗ ಇವತ್ತು ನೀನೇ ಹಿಡಿ.

ಗೋಡೆಗೆ ಅಂಟಿಸಿದ ಅರವತ್ತು ದಿನದ ಬೇಸಿಗೆ ತಾಲೀಮಿನ ಪಟ್ಟಿಯನ್ನು ಕೀಳಬೇಡ. ಫೋರ್ಟಿನ ಫುಟ್‌ಪಾತಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ‘ಐಸ್ ಹಾಕಿ’ ಆಟದ ಪುಸ್ತಕ ನೋಡಿ ನಿನ್ನ ಆಫೀಸಿನ ಹಾಕಿ ಟೀಮಿಗೆಂದು ನೀನೇ ಬರೆದದ್ದಲ್ಲವಾ? ಐಸ್ ಇಲ್ಲದ ತಿಂಗಳುಗಳಿಗೆ ಕೆನಡಾದವರು ಮಾಡಿದ ಏರ್ಪಾಡು ನಮ್ಮ ಚೆಂಬೂರಿಗೆ ವರ್ಷವಿಡೀ ಹೊಂದುತ್ತದೆ.

ನಿಮ್ಮ ಟೀಮು ಎರಡು ದಿನ ಓಡಿತು, ಮೂರನೆಯ ದಿನ ಹೋಟೆಲಿನಲ್ಲಿ ಕೂತು ಮಸಾಲೆದೋಸೆ ತಿಂದಿತು. ಉಳಿದ ಐವತ್ತೆಂಟು ದಿನದ್ದನ್ನು, ನೀನು ಗೊರಕೆ ಹೊಡೆಯುವ ಹೊತ್ತಿನಲ್ಲಿ, ನಾನು ಟೆರೇಸಿನ ಮೇಲೆ ಮಾಡಿ ಮುಗಿಸಿದೆ.

ಇವತ್ತು ರೈಲ್ವೆ ಹುಡುಗಿಯರ ಹಾಕಿ ಟೀಮಿನ ಆಯ್ಕೆ. ನಿನ್ನ ಸ್ಟಿಕ್ ನನ್ನ ಹತ್ತಿರ ಇದೆ, ಹುಡುಕಬೇಡ. ಅಮ್ಮನಿಗೆ ಟೈಪಿಂಗ್ ಕ್ಲಾಸ್ ಎಂದು ಹೇಳು.

ಕಲಿಸಿದವರು ಯಾರೆಂದು ಅಲ್ಲಿ ಕೇಳಿದರೆ ನಿನ್ನ ಹೆಸರನ್ನೇ ಹೇಳುತ್ತೇನೆ. ಗೊರಕೆಯ ವಿಷಯ ಎತ್ತುವುದಿಲ್ಲ.

ವಿನೋದಿನಿ