ಹ್ಯಾಟಿನಲ್ಲಿ ತುಂಬಿದ ಉಡಿ

ಸಯನ್, ಮುಂಬಯಿ
೧೪ ಸೆಪ್ಟೆಂಬರ್ ೧೯೫೬

ಮಗಳು ಚಂದ್ರವ್ವಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಧಾರವಾಡದ ಮಳೆಯಲ್ಲಿ ಕೊಡೆಯಿಲ್ಲದೆ ಪಾಠ ಹೇಳಲು ಹೋಗಬೇಡ. ನಾವು ಆರಾಮ. ಆರಾಮ ಎಂದು ಬರೆದೆನೇ ಹೊರತು, ಕಳೆದ ವಾರದಿಂದ ಈ ಮನೆಯಲ್ಲಿ ಯಾರೂ ನೆಟ್ಟಗೆ ಕೂತಿಲ್ಲ.

ನಿನ್ನ ಬಸುರಿ ತಂಗಿ ರಾಚವ್ವನ ಕುಬಸಕ್ಕೂ ಬರುವುದಿಲ್ಲವೆಂದು ಬರೆದಿದ್ದೀ. ತಪ್ಪೆನ್ನಲಾರೆ. ಅವಳ ಮದುವೆಯಲ್ಲಿ ಉಡಿ ತುಂಬುವ ಹೊತ್ತಿಗೆ ನಿನ್ನ ಅವ್ವ "ನೀ ಸ್ವಲ್ಪ ಒಳಗ ಕೂಡವ್ವಾ" ಎಂದಳು. ಗಂಡ ಸತ್ತವಳು ಉಡಿ ಮುಟ್ಟಬಾರದಂತೆ! ಶರಣರ ಹೆಸರು ಹೇಳುವ ಮನೆಯಲ್ಲಿ ಅದು ನಡೆಯಿತೆಂದು ಇಂದಿಗೂ ನನಗೆ ಮೈ ಉರಿಯುತ್ತದೆ. ಅಂದು ಹೋದವಳು ನೀನು ಈ ಹೊಸ್ತಿಲು ತುಳಿದಿಲ್ಲ. ಇರಲಿ, ನಡೆದದ್ದು ಕೇಳು.

ನಿನ್ನ ಅಣ್ಣನ ಮಗಳು ವಿನೋದಿನಿಯ ಶಾಲೆ ಇಂಗ್ಲೆಂಡಿನ ಒಂದು ಶಾಲೆಯೊಂದಿಗೆ ಗೆಳೆತನ ಬೆಳೆಸಿದೆ. ಇಲ್ಲಿಯ ಮಕ್ಕಳು ಬರೆದ ಚಿತ್ರ ಹಡಗಿನಲ್ಲಿ ಅಲ್ಲಿಗೆ, ಅಲ್ಲಿಯದು ಇಲ್ಲಿಗೆ. ಒಳ್ಳೆಯದೇ, ಮಕ್ಕಳು ಲೋಕ ತಿಳಿಯಲಿ. ಆದರೆ ಆ ಶಾಲೆಯ ಟೀಚರ್ ಮಿಸೆಸ್ ಬೆನ್ಸನ್ ಬರುತ್ತಾಳೆಂದಾಗ ಹೆಡ್‌ಮಾಸ್ತರರ ಕುಣಿತ ನೋಡಬೇಕಿತ್ತು. ಗೋಡೆಗೆ ಸುಣ್ಣ, ಮಕ್ಕಳಿಗೆ ಬೂಟು. ಬೂಟಿಲ್ಲದವರು ಹಿಂದಿನ ಸಾಲಿಗೆ! ನಲವತ್ತೆರಡರ ಚಳವಳಿಯಲ್ಲಿ ಇದೇ ಊರಿನಲ್ಲಿ ಲಾಠಿ ತಿಂದ ಬೆನ್ನು ನನ್ನದು. ನಡು ಬಗ್ಗಿಸುವುದನ್ನೇ ಲೋಕಜ್ಞಾನವೆಂದು ಕಲಿಸುತ್ತೀರಾ ಎಂದು ಕೇಳಿಯೇ ಬಂದೆ. "ಅಜ್ಜಾ, ನನ್ನ ಮರ್ಯಾದಿ ಕಳೀಬ್ಯಾಡೋ, ನಡಿ" ಎಂದು ವಿನೋದಿನಿ ಕೈ ಹಿಡಿದು ಹೊರಗೆಳೆದಳು.

ಬಂದವಳು ಹಾಡು, ಡ್ರಿಲ್ ಎಲ್ಲ ನೋಡಿ, ಒಂದು ಮಗುವಿನ ಮನೆಗೆ ಹೋಗಬೇಕೆಂದಳಂತೆ. ಹೆಡ್‌ಮಾಸ್ತರರು ದೊಡ್ಡ ಫ್ಲ್ಯಾಟಿನ ಮಗುವನ್ನು ಹುಡುಕುವಷ್ಟರಲ್ಲಿ ಹಿಂದಿನ ಸಾಲಿನಿಂದ ನಮ್ಮ ಹುಡುಗಿ ಕೈ ಎತ್ತಿದ್ದಾಳೆ. ಸಂಜೆಗೆ ನಮ್ಮ ಚಾಳಿನ ಮೆಟ್ಟಿಲ ಮೇಲೆ ಆ ಬಿಳಿ ಹೆಂಗಸು, ಹಿಂದೆ ಉಡುಪಿ ಕಡೆಯ ವಾರಿಜಾ ಟೀಚರ್, ಅವರ ಹಿಂದೆ ಇಡೀ ಚಾಳು.

ಅವ್ವ ಚಹಾ ಕೊಟ್ಟಳು, ಚುರುಮುರಿ ಕೊಟ್ಟಳು. ಮಿಸೆಸ್ ಅಂದಮೇಲೆ ಮುತ್ತೈದೆಯೇ, ಬರಿಗೈಯಲ್ಲಿ ಕಳಿಸಬಾರದೆಂದು ಕುಂಕುಮ ಹಚ್ಚಿ ಉಡಿ ತುಂಬಲು ನಿಂತಳು. ಫ್ರಾಕಿಗೆ ಸೆರಗೆಲ್ಲಿ? ಆಕೆ ಪಿಳಿಪಿಳಿ ನೋಡಿ, ತಲೆಯ ಹ್ಯಾಟು ತೆಗೆದು ಎರಡೂ ಕೈಯಿಂದ ಒಡ್ಡಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಮೇಲೊಂದು ಖಣ. "ಉಡಿ ಒಡ್ಡೂದು ಈಕಿಗೂ ಗೊತ್ತೈತಿ ನೋಡ ಯವ್ವಾ!" ಎಂದು ಹೆಂಗಸರು ನಕ್ಕರು.

ಆಗ ಮಾಲೆ ಹಾಕಿದ ನಿನ್ನ ಗಂಡನ ಫೋಟೋ ಆಕೆಯ ಕಣ್ಣಿಗೆ ಬಿತ್ತು. ಯಾರೆಂದು ಕೇಳಿದಳು, ಹೇಳಿದೆ. ತನ್ನ ಗಂಡನೂ ಇಲ್ಲ, ಬರ್ಮಾ ಯುದ್ಧದಲ್ಲಿ ಸತ್ತ, ಆಮೇಲೆ ಶಾಲೆಯೇ ತನಗೆ ಮನೆಯಾಯಿತು ಎಂದಳು. ವಿನೋದಿನಿ ಅದನ್ನು ಕನ್ನಡದಲ್ಲಿ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಕಾಶವ್ವಾ, ಉಡಿ ಹೊಳ್ಳಿ ತಗೋರಿ" ಎಂದು ಯಾರೋ ಅವ್ವನಿಗೆ ಪಿಸುಗುಟ್ಟಿದರು. "ಎಂತ ತಗೊಳ್ಳುದು ಮಾರಾಯ್ರೆ, ಕೊಟ್ಟಾಯ್ತಲ್ಲ" ಎಂದರು ವಾರಿಜಾ ಟೀಚರ್. ಅವ್ವ ಮೊರದಲ್ಲಿದ್ದ ಅಕ್ಕಿಯಲ್ಲಿ ಕೈ ಹಾಗೇ ಇಟ್ಟುಕೊಂಡು ನಿಂತಳು. ಆಮೇಲೆ ಇನ್ನೊಂದು ಹಿಡಿ ಹಾಕಿದಳು.

ಅಂದಿನಿಂದ ಅವ್ವ ಟ್ರಂಕು ತೆಗೆಯುತ್ತಾಳೆ, ಮುಚ್ಚುತ್ತಾಳೆ. ಹಾಲು ಉಕ್ಕಿಹೋಗುತ್ತದೆ. ಏನೆಂದು ಕೇಳಿದರೆ ನನ್ನ ಮೇಲೆ ಹರಿಹಾಯುತ್ತಾಳೆ. ನಾನೂ ಕೆಲಸವಿಲ್ಲದೆ ಸ್ಟೇಷನ್ನಿನವರೆಗೆ ಹೋಗಿ ಬರುತ್ತೇನೆ. ಹೆಡ್‌ಮಾಸ್ತರರು ಈ ಭೇಟಿ ತಮ್ಮದೇ ಏರ್ಪಾಡು ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ತಿರುಗಲಿ.

ವಿನೋದಿನಿಯ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ನೀಲಕಂಠಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ಅವ್ವ ಬಂದು ಕೈ ಹಿಡಿದಳು. ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಗುರ್ತಿಲ್ಲದ ಮಂದಿಗೆ ತುಂಬೇನಿ, ಹೊಟ್ಯಾಗ ಹುಟ್ಟಿದಾಕೀನ್ನ ಒಳಗ ಕೂಡಿಸೇನಿ. ಕುಬಸದಾಗ ರಾಚಿಗೆ ಮೊದಲನೇ ಉಡಿ ಚಂದ್ರೀನ ತುಂಬ್ಲಿ. ಯಾರರೆ ಏನರೆ ಅಂದ್ರ ಅವರನ್ನ ಹೊರಗ ಹಾಕ್ತೀನಿ." ಪುಣೆಯಲ್ಲಿ ಗಾಡಿ ಬದಲಿಸಿ ದಾದರಿನಲ್ಲಿ ಇಳಿ. ಕರೆಯಲು ನಾನು ಬರುವುದು ಬೇಡವಂತೆ, ತಾನೇ ಬರುತ್ತಾಳಂತೆ.